ಕಟ್ಟಿ, ಕೈಕಟ್ಟಿ ನೋಡುವ ಆಟ

ರಾತ್ರಿ ಒಂಬತ್ತು ಗಂಟೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಒಂದು ಸಾಧಾರಣ ಮನೆ. ಅಡಿಗೆಯ ಮನೆಯಿಂದ ತಾಯಿಯ ಧ್ವನಿ ಎರಡು ಸಲ ಬಂದು ಹೋಗಿದೆ. ಸಾರು ಎರಡನೆಯ ಸಲ ಬಿಸಿಯಾಗಿದೆ. ಹಜಾರದ ಮೂಲೆಯಲ್ಲಿ ಕುಳಿತ ಮಗ ಮೊಬೈಲಿನಿಂದ ಕಣ್ಣು ತೆಗೆಯದೆಯೇ ಉತ್ತರ ಕೊಡುತ್ತಾನೆ. ಅವನಿಗೆ ಇಪ್ಪತ್ತೆಂಟು ವರ್ಷ. ಇಂಜಿನಿಯರು, ಕೈತುಂಬ ಸಂಬಳ.

“ಈ ಅಲೆ ಒಂದು ಮುಗಿಯಲಿ ಅಮ್ಮ, ಬಂದೆ.”

ಕಡಲಿನ ಸುಳಿವೇ ಇಲ್ಲದ ಈ ಊರಿನಲ್ಲಿ ಎಲ್ಲಿಯ ಅಲೆ? ತಾಯಿಗೆ ಕೋಪಕ್ಕಿಂತ ಸೋಜಿಗವೇ ಹೆಚ್ಚು. ಇಸ್ಪೀಟಾದರೆ ನಾಲ್ವರು ಬೇಕು. ಚೌಕಾಬಾರವಾದರೆ ಜಗಳವಾಡುವುದಕ್ಕಾದರೂ ಒಬ್ಬ ಎದುರಾಳಿ ಬೇಕು. ಇವನೆದುರಿಗೆ ಯಾರೂ ಇಲ್ಲ. ಗೆದ್ದರೆ ಕಾಸು ಬರುವುದಿಲ್ಲ, ಭೇಷ್ ಎನ್ನುವವರಿಲ್ಲ. ಹಗಲೆಲ್ಲ ಕಂಪ್ಯೂಟರಿನ ಮುಂದೆ ದುಡಿದು ಬಂದವನು, ಮತ್ತೆ ಅಂಥದೇ ಇನ್ನೊಂದು ದುಡಿಮೆಗೆ ಸಂಬಳವಿಲ್ಲದೆ ಕೂಡುವುದೆಂದರೇನು? ಪತ್ರಿಕೆ ಓದುತ್ತಿದ್ದ ತಂದೆ ಈ ಪ್ರಶ್ನೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ: “ಕಾಲಹರಣ, ಅಷ್ಟೆ.” ಆದರೆ ಅದು ಅಷ್ಟು ಸುಲಭವಾಗಿ ಮುಗಿಯುವ ಪ್ರಶ್ನೆಯಲ್ಲ. ಕಾಲವನ್ನು ಕಳೆಯಲು ಸಾವಿರ ದಾರಿಗಳಿವೆ. ಅವನು ಇದನ್ನೇ ಏಕೆ ಆರಿಸಿಕೊಂಡ?

ಈ ಜಾತಿಯ ಆಟಗಳಿಗೆ ಟವರ್ ಡಿಫೆನ್ಸ್ ಎಂದು ಹೆಸರು. ಬುರುಜು ಕಟ್ಟಿ ಕಾಯುವ ಆಟ ಎಂದರೆ ಅರ್ಥ ಸರಿಯಾಗಿ ಬರುತ್ತದೆ. ಪರದೆಯ ಮೇಲೆ ಒಂದು ದಾರಿ; ಅದರ ಒಂದು ತುದಿಯಿಂದ ಶತ್ರುಗಳು ಹೊರಡುತ್ತಾರೆ, ಇನ್ನೊಂದು ತುದಿಯಲ್ಲಿ ಕಾಯಬೇಕಾದ ಬಾಗಿಲಿದೆ. ಆಟಗಾರನ ಕೈಯಲ್ಲಿ ಕತ್ತಿಯಿಲ್ಲ, ಬಿಲ್ಲಿಲ್ಲ. ಇರುವುದು ಅಲ್ಪಸ್ವಲ್ಪ ಹಣ. ಆ ಹಣದಿಂದ ದಾರಿಯ ಬದಿಯಲ್ಲಿ ಬುರುಜುಗಳನ್ನು ಕಟ್ಟಬೇಕು. ಒಂದು ಬುರುಜು ಬಾಣ ಬಿಡುತ್ತದೆ, ಒಂದು ಗುಂಡು ಹಾರಿಸುತ್ತದೆ, ಮತ್ತೊಂದು ಯಾರನ್ನೂ ಕೊಲ್ಲದೆ ಶತ್ರುವಿನ ನಡಿಗೆಯನ್ನು ನಿಧಾನಗೊಳಿಸುತ್ತದೆ. ಕಟ್ಟಿದ ಮೇಲೆ ಬುರುಜುಗಳು ತಮ್ಮ ಕೆಲಸವನ್ನು ತಾವೇ ಮಾಡುತ್ತವೆ. ಶತ್ರುಗಳು ತಂಡತಂಡವಾಗಿ ಬರುತ್ತಾರೆ. ಈ ತಂಡಕ್ಕೇ ‘ಅಲೆ’ ಎಂದು ಹೆಸರು. ಬಿದ್ದ ಒಬ್ಬೊಬ್ಬ ಶತ್ರುವಿಗೂ ಇಷ್ಟಿಷ್ಟು ಎಂದು ಹಣ ಸಲ್ಲುತ್ತದೆ. ಅದರಿಂದ ಮುಂದಿನ ಅಲೆಗೆ ಸಿದ್ಧತೆ. ಅಲೆಗಳು ಬರಬರುತ್ತ ಬಲವಾಗುತ್ತವೆ. ಯಾರಾದರೂ ನುಸುಳಿ ಬಾಗಿಲು ದಾಟಿದರೆ ಆಟಗಾರನ ಲೆಕ್ಕದಿಂದ ಒಂದು ಪ್ರಾಣ ಹೋಯಿತು. ಪ್ರಾಣಗಳೆಲ್ಲ ಮುಗಿದರೆ ಆಟವೂ ಮುಗಿಯಿತು.

ಚಿತ್ರದುರ್ಗದ ಕೋಟೆಯನ್ನು ಹತ್ತಿ ನೋಡಿದ ವಾಚಕರಿಗೆ ಇದರ ಗುಟ್ಟು ಹೊಸದಲ್ಲ. ಅಲ್ಲಿ ದಾರಿ ನೇರವಾಗಿ ಮೇಲಕ್ಕೆ ಹೋಗುವುದಿಲ್ಲ; ಬಾಗಿಲು ದಾಟಿದ ಕೂಡಲೇ ತಿರುವು, ತಿರುವಿನಾಚೆ ಮತ್ತೊಂದು ಗೋಡೆ. ಒಳನುಗ್ಗಿದವನ ವೇಗವನ್ನು ಕಲ್ಲೇ ಕಸಿದುಕೊಳ್ಳಬೇಕು, ಅವನು ತಡಬಡಿಸುವಷ್ಟು ಹೊತ್ತು ಮೇಲಿನವರ ಕೈಗೆ ಸಿಕ್ಕಿರಬೇಕು. ಕೋಟೆ ಕಟ್ಟಿದವರು ಪ್ರಾಣಭಯದಿಂದ ಮಾಡಿದ ಈ ಲೆಕ್ಕಾಚಾರವನ್ನೇ ಇಂದಿನವರು ಊಟಕ್ಕೆ ಮೊದಲು ವಿನೋದಕ್ಕಾಗಿ ಮಾಡುತ್ತಿದ್ದಾರೆ.

ಆಟದ ಚರಿತ್ರೆ ದೀರ್ಘವಾದುದೇನಲ್ಲ. ಅಮೆರಿಕದ ಅಟಾರಿ ಗೇಮ್ಸ್ ಸಂಸ್ಥೆ 1990ರಲ್ಲಿ ಹೊರತಂದ ‘ರಾಂಪಾರ್ಟ್’ ಇದರ ಪೂರ್ವಿಕರಲ್ಲಿ ಒಂದು. ಅಲ್ಲಿ ಆಟಗಾರ ಕೋಟೆಯ ಸುತ್ತ ಗೋಡೆ ಕಟ್ಟಿ, ಫಿರಂಗಿ ಇಟ್ಟು, ಹಡಗುಗಳೊಡನೆ ಹೋರಾಡಿ, ಒಡೆದ ಗೋಡೆಯನ್ನು ಗಡಿಯಾರದ ಮುಳ್ಳು ಓಡುತ್ತಿರುವಾಗಲೇ ದುರಸ್ತಿ ಮಾಡಬೇಕಾಗಿತ್ತು. 2002ರಲ್ಲಿ ಬಂದ ‘ವಾರ್‌ಕ್ರಾಫ್ಟ್ 3’ ಎಂಬ ಯುದ್ಧದ ಆಟದೊಡನೆ, ಆಟಗಾರರೇ ಹೊಸ ಭೂಪಟಗಳನ್ನು ರಚಿಸಿಕೊಳ್ಳುವ ಸಾಧನವೂ ದೊರೆಯಿತು. ಹವ್ಯಾಸಿಗಳು ಅದರಿಂದ ದೊಡ್ಡ ಯುದ್ಧದ ಗದ್ದಲವನ್ನೆಲ್ಲ ತೆಗೆದುಹಾಕಿ, ಬುರುಜು ಕಟ್ಟುವ ಭಾಗವೊಂದನ್ನೇ ಉಳಿಸಿಕೊಂಡರು. ಸೇನೆಯನ್ನು ನಡೆಸುವ ವೈಭವವನ್ನು ಬಿಟ್ಟುಕೊಟ್ಟು ಕಾವಲುಗಾರಿಕೆಯನ್ನು ಆರಿಸಿಕೊಂಡವರು ಸ್ವತಃ ಆಟಗಾರರೇ. ಅವರಿಗೆ ಇದನ್ನು ಯಾವ ವ್ಯಾಪಾರಿಯೂ ಹೇಳಿಕೊಟ್ಟಿರಲಿಲ್ಲ.

ಇಂಥವರ ಸಾಲಿಗೆ ಸೇರಿದ ಪಾಲ್ ಪ್ರೀಸ್ ಎಂಬ ಬ್ರಿಟಿಷ್ ಪ್ರೋಗ್ರಾಮರು 2007ರಲ್ಲಿ ‘ಡೆಸ್ಕ್‌ಟಾಪ್ ಟವರ್ ಡಿಫೆನ್ಸ್’ ಎಂಬ ಪುಟ್ಟ ಆಟವನ್ನು ಫ್ಲ್ಯಾಷ್ ಎಂಬ ತಂತ್ರದಲ್ಲಿ ರಚಿಸಿ ಅಂತರಜಾಲಕ್ಕೆ ಬಿಟ್ಟರು. ಇದರ ರಣಭೂಮಿ ಒಂದು ಮೇಜು, ಆಫೀಸಿನ ಸಾಮಾನ್ಯ ಮೇಜು! ಆಫೀಸಿನ ಮೇಜಿನ ಮುಂದೆ ಕುಳಿತೇ ಬಹುಮಂದಿ ಅದನ್ನು ಆಡಿದರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಆಟದ ವಿಷಯದಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು. ಏಕೆಂದರೆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಮೇಜಿನ ಮೇಲೆ ಮೊದಲು ಯಾವ ದಾರಿಯೂ ಇಲ್ಲ, ಬರಿಯ ಬಯಲು. ಶತ್ರುಗಳು ಒಂದು ಅಂಚಿನಿಂದ ಬಂದು ಎದುರಿನ ಅಂಚಿಗೆ ದಾಟಬೇಕು. ಅವರು ಯಾವಾಗಲೂ ಅತ್ಯಂತ ಹತ್ತಿರದ ದಾರಿಯನ್ನೇ ಹಿಡಿಯುತ್ತಾರೆ. ಆಟಗಾರ ಇಡುವ ಒಂದೊಂದು ಬುರುಜೂ ಒಂದು ಅಡ್ಡಗಲ್ಲು. ಆದುದರಿಂದ ಬುರುಜುಗಳನ್ನು ಹೇಗೆ ಜೋಡಿಸುತ್ತಾನೋ ಹಾಗೆ ದಾರಿ ಹುಟ್ಟಿಕೊಳ್ಳುತ್ತದೆ. ಚೆನ್ನಾಗಿ ಜೋಡಿಸಿದರೆ ಎರಡು ಗೇಣಿನ ಮೇಜು ಹತ್ತು ಮಾರಿನ ಚಕ್ರವ್ಯೂಹವಾಗುತ್ತದೆ. ಪೂರ್ತಿಯಾಗಿ ದಾರಿ ಮುಚ್ಚಲು ಮಾತ್ರ ಅವಕಾಶವಿಲ್ಲ. ಹಾಗೆ ಮುಚ್ಚುವ ಬುರುಜನ್ನು ಇಡಲು ಆಟವೇ ಒಪ್ಪುವುದಿಲ್ಲ. ಶತ್ರುವಿಗೆ ಒಂದು ಸಂದು ಬಿಡಲೇಬೇಕು. ಹಾರಿಕೊಂಡು ಬರುವ ಶತ್ರುಗಳಂತೂ ಈ ಚಕ್ರವ್ಯೂಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರಿಗೆ ಬೇರೆಯ ಏರ್ಪಾಡು ಬೇಕು. ಪಳಗಿದ ಆಟಗಾರರು ಇಲ್ಲಿ ಒಂದು ಕುಯುಕ್ತಿಯನ್ನೂ ಕಂಡುಕೊಂಡರು. ಶತ್ರುಗಳು ಹೊರಬಾಗಿಲಿನ ಸಮೀಪಕ್ಕೆ ಬಂದೊಡನೆ ಅಲ್ಲಿ ಒಂದು ಬುರುಜನ್ನಿಟ್ಟು ಮುಚ್ಚುವುದು, ಆಚೆಯ ತುದಿಯಲ್ಲಿ ಒಂದು ಬುರುಜನ್ನು ಮಾರಿ ತೆರೆಯುವುದು. ಶತ್ರುಗಳು ಹಿಂದಿರುಗಿ ಅಲ್ಲಿಗೆ ಓಡಿದಾಗ ಮತ್ತೆ ಅದಲುಬದಲು. ಪಾಪ, ಆ ಪ್ರಾಣಿಗಳು ಸರ್ಕಾರಿ ಕಚೇರಿಯಲ್ಲಿ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆಯುವ ಅರ್ಜಿದಾರರಂತೆ ಅತ್ತಿತ್ತ ಓಡಾಡುತ್ತಲೇ ಪ್ರಾಣ ಬಿಡುತ್ತವೆ.

ಇಲ್ಲಿಯ ಶತ್ರು ಮೋಸಗಾರನಲ್ಲ ಎಂಬುದನ್ನು ಗಮನಿಸಬೇಕು. ಅವನ ದಾರಿ ಗೊತ್ತು, ಬಲ ಗೊತ್ತು, ಬರುವ ವೇಳೆ ಗೊತ್ತು. ಚದುರಂಗದಲ್ಲಿ ಎದುರಾಳಿಯ ಮನಸ್ಸಿನೊಳಗಿನದನ್ನು ಊಹಿಸಬೇಕು. ಇಸ್ಪೀಟಿನಲ್ಲಿ ಎಲೆಗಳ ದಾಕ್ಷಿಣ್ಯ ಬೇಕು. ಇಲ್ಲಿ ಅಷ್ಟೊಂದು ಅದೃಷ್ಟದ ಹಂಗಿಲ್ಲ. ಶತ್ರು ನುಸುಳಿದನೆಂದರೆ ಎಲ್ಲಿ ನುಸುಳಿದ, ಏಕೆ ನುಸುಳಿದ ಎಂಬುದು ಕಣ್ಣೆದುರಿಗೇ ಇದೆ: ಈ ತಿರುವಿನಲ್ಲಿ ಬುರುಜು ದುರ್ಬಲ, ಆ ಮೂಲೆಯಲ್ಲಿ ದುಡ್ಡು ದಂಡ. ತಪ್ಪು ತನ್ನದೇ, ತಿದ್ದುವ ಕೈಯೂ ತನ್ನದೇ. ಹೊರಗಿನ ಬದುಕಿನಲ್ಲಿ ಇಂಥ ಅದೃಷ್ಟ ಎಷ್ಟು ಮಂದಿಗಿದೆ? ಕಚೇರಿಯಲ್ಲಿ ಒಂದು ಕಡತ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ತಿಳಿಯದೆಯೇ ನಿವೃತ್ತರಾದವರಿದ್ದಾರೆ. ದುಡಿಮೆಗೂ ಫಲಕ್ಕೂ ನಡುವಣ ಎಳೆ ಕಾಣದ ಹಾಗೆ ಬದುಕು ಸಿಕ್ಕುಗಟ್ಟಿರುವ ಕಾಲದಲ್ಲಿ, ಆ ಎಳೆಯನ್ನು ಹತ್ತು ನಿಮಿಷದಲ್ಲಿ ತೋರಿಸಿಕೊಡುವ ಆಟಕ್ಕೆ ಮನಸ್ಸು ಒಲಿದರೆ ಅದರಲ್ಲಿ ವಿಸ್ಮಯವೇನು?

ಉತ್ತರದ ಇನ್ನರ್ಧ, ಕಟ್ಟಿದ ಮೇಲೆ ಬರುವ ಬಿಡುವಿನಲ್ಲಿದೆ. ಅಲೆ ಹೊರಟಾಗ ಆಟಗಾರನಿಗೆ ಮಾಡಲು ಹೆಚ್ಚು ಕೆಲಸವಿಲ್ಲ, ಕೈಕಟ್ಟಿ ನೋಡಬೇಕು. ಈ ನೋಟದ ಸುಖ ಎಂಥದು? ಮದುವೆಯ ಮನೆಯಲ್ಲಿ ಉಗ್ರಾಣದ ಹೊಣೆ ಹೊತ್ತ ಹಿರಿಯರನ್ನು ನೆನೆದುಕೊಂಡರೆ ಸಾಕು. ಮೂರು ದಿನ ಲೆಕ್ಕ ಹಾಕಿ, ಎಲೆ, ಅಕ್ಕಿ, ತರಕಾರಿ, ಬಡಿಸುವ ಜನ ಎಲ್ಲವನ್ನೂ ಹೊಂದಿಸಿ, ಕೊನೆಗೆ ಊಟದ ಮನೆಯ ಬಾಗಿಲಲ್ಲಿ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ನಿಂತಿರುತ್ತಾರೆ. ಮೊದಲನೆಯ ಪಂಕ್ತಿ ಸಣ್ಣದು, ಎರಡನೆಯದು ದೊಡ್ಡದು, ಮುಹೂರ್ತ ಮುಗಿದೊಡನೆ ಮೂರನೆಯದು ಪ್ರವಾಹದಂತೆ ನುಗ್ಗುತ್ತದೆ. ಅವರು ಸೌಟು ಹಿಡಿಯುವುದಿಲ್ಲ. ಒಂದು ಹಪ್ಪಳವನ್ನೂ ಬಡಿಸುವುದಿಲ್ಲ. ಆದರೂ ಸಾಲಿನ ಕೊನೆಯ ಎಲೆಗೆ ಪಾಯಸ ಮುಟ್ಟಿತೆಂದಾಗ ಅವರ ಮುಖದಲ್ಲಿ ಮೂಡುವ ತೃಪ್ತಿಯನ್ನು ಎಲ್ಲರೂ ಕಂಡಿದ್ದಾರೆ. ಆ ಮನೆಯ ತಾಯಿಯೂ ಮಗಳ ಮದುವೆಯಲ್ಲಿ ಹಾಗೆಯೇ ನಿಂತಿದ್ದವರು. ಮಗನ ಅಂಗೈಯಲ್ಲಿ ನಡೆಯುತ್ತಿರುವುದೂ ಅದೇ ಉಗ್ರಾಣದ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೇಲಾಗಿ, ಇಲ್ಲಿಗೆ ಬರುವ ಅತಿಥಿಗಳು ಅಷ್ಟೇನೂ ಸಭ್ಯರಲ್ಲ.

ಶಾಸ್ತ್ರಜ್ಞರು ಇದನ್ನು ತಮ್ಮ ಮಾತಿನಲ್ಲಿ ಹೇಳಿದ್ದಾರೆ. ಹಂಗೆರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಅಮೆರಿಕದಲ್ಲಿ ಚದುರಂಗದ ಆಟಗಾರರು, ಬಂಡೆ ಹತ್ತುವವರು, ನರ್ತಕರು, ಶಸ್ತ್ರವೈದ್ಯರು ಮೊದಲಾದವರನ್ನು ಮಾತನಾಡಿಸಿ 1975ರಲ್ಲಿ ಒಂದು ಗ್ರಂಥ ಬರೆದರು. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಠಿನವಾದರೆ ಕಳವಳ. ಎರಡರ ನಡುವಣ ಕಿರಿದಾದ ಓಣಿಯಲ್ಲಿ, ಗುರಿ ಸ್ಪಷ್ಟವಾಗಿದ್ದು ಪರಿಣಾಮ ಕೂಡಲೇ ತಿಳಿಯುವಂತಿದ್ದಾಗ, ಮನುಷ್ಯ ತನ್ನನ್ನೇ ಮರೆಯುತ್ತಾನೆ ಎಂಬುದು ಅವರು ಕಂಡ ಮಾತು. ಸಾರು ಆರುವುದು ಇಂಥ ವೇಳೆಯಲ್ಲಿಯೇ. ಬುರುಜಿನ ಆಟದ ಅಲೆಗಳನ್ನು ಈ ಓಣಿಯ ಅಳತೆಗೇ ಕತ್ತರಿಸಿಟ್ಟಂತಿದೆ: ಆಟಗಾರನ ಬುರುಜುಗಳು ಬಲಿತಂತೆ ಶತ್ರುಗಳೂ ಬಲಿಯುತ್ತಾರೆ.

2006ರಲ್ಲಿ ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಎಂಬ ಮೂವರು ವಿಡಿಯೋ ಆಟಗಳ ಸೆಳೆತವನ್ನು ಕುರಿತ ಒಂದು ಪ್ರಬಂಧವನ್ನು ಪ್ರಕಟಿಸಿದರು. ತನ್ನ ಇಚ್ಛೆಯಂತೆ ನಡೆಯುವ ಸ್ವಾತಂತ್ರ್ಯ, ತನ್ನಿಂದಾಗುತ್ತದೆ ಎಂಬ ಸಾಮರ್ಥ್ಯದ ಅರಿವು, ಇತರರೊಡನೆ ನಂಟು ಎಂಬ ಮೂರು ಹಸಿವುಗಳಲ್ಲಿ, ಮೊದಲಿನೆರಡನ್ನು ತಣಿಸುವ ಆಟದಲ್ಲಿ ಮನುಷ್ಯನಿಗೆ ಸುಖ ದೊರೆಯುತ್ತದೆ. ಹಲವರು ಕೂಡಿ ಆಡುವ ಆಟಗಳಲ್ಲಿ ಮೂರನೆಯದೂ ಸೇರುತ್ತದೆ ಎಂದು ಅವರ ವಾದ. ಒಬ್ಬನೇ ಆಡುವ ಬುರುಜಿನ ಆಟದಲ್ಲಿ ಆ ಮೂರನೆಯದಕ್ಕೆ ಎಡೆಯಿಲ್ಲ. 2008ರ ‘ಡಿಫೆನ್ಸ್ ಗ್ರಿಡ್’ ಎಂಬ ಆಟ ಆ ಕೊರತೆಯನ್ನು ತುಂಬಲೆಂದೋ ಏನೋ ಒಂದು ಉಪಾಯ ಮಾಡಿತು: ಯಂತ್ರದೊಳಗೆ ಉಳಿದುಹೋದ ಒಬ್ಬ ಮುದಿ ಸೇನಾನಿಯ ಧ್ವನಿ ಆಟದುದ್ದಕ್ಕೂ ಆಟಗಾರನೊಡನೆ ಮಾತನಾಡುತ್ತಿರುತ್ತದೆ, ಹಿಂದೆ ತಿಂದ ರಾಸ್ಪ್‌ಬೆರಿ ಹಣ್ಣುಗಳನ್ನು ನೆನೆದು ನಿಟ್ಟುಸಿರನ್ನೂ ಬಿಡುತ್ತದೆ.

ಆದರೆ ಏಕಾಂತ ಯಾವಾಗಲೂ ಕೊರತೆಯೇ ಎಂದು ಭಾವಿಸಬೇಕಾಗಿಲ್ಲ. ನೋಡುವವರಿಲ್ಲದ ಕಡೆ ಸೋಲುವುದಕ್ಕೆ ನಾಚಿಕೆಯಿಲ್ಲ. ಶಾಲೆಯಲ್ಲಿ ಅಂಕಪಟ್ಟಿ, ಕಾಲೇಜಿನಲ್ಲಿ ರ್‍ಯಾಂಕು, ಕಚೇರಿಯಲ್ಲಿ ವರ್ಷಕ್ಕೊಂದು ಮೌಲ್ಯಮಾಪನ, ಬಂಧುಗಳ ಮನೆಯಲ್ಲಿ “ನಿಮ್ಮ ಹುಡುಗನಿಗೆ ಎಷ್ಟು ಬರುತ್ತದೆ?” ಎಂಬ ವಿಚಾರಣೆ — ಮಧ್ಯಮವರ್ಗದ ಮಗು ಹುಟ್ಟಿದ ದಿನದಿಂದ ಯಾರದಾದರೊಂದು ತಕ್ಕಡಿಯಲ್ಲಿ ಕುಳಿತೇ ಇರುತ್ತದೆ. ಅಂಥವನಿಗೆ ತಾನು ಸೋತದ್ದು ತನಗಲ್ಲದೆ ಬೇರೆಯವರಿಗೆ ತಿಳಿಯದ ಒಂದು ಸ್ಥಳ ಬೇಕೆನಿಸುವುದು ಸಹಜ. ಸೋಲನ್ನು ಎಲ್ಲರೂ ತಪ್ಪಿಸಿಕೊಳ್ಳಲೆತ್ನಿಸುವಾಗ, ತಾನು ಸೋಲುವುದು ಖಂಡಿತವಾಗಿರುವ ಆಟವನ್ನು ಮನುಷ್ಯ ಹುಡುಕಿಕೊಂಡು ಹೋಗುವುದೇಕೆ ಎಂಬ ವಿರೋಧಾಭಾಸವನ್ನು ಕುರಿತೇ ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ 2013ರಲ್ಲಿ ಒಂದು ಪುಸ್ತಕ ಬರೆದರು. ಡಿಫೆನ್ಸ್ ಗ್ರಿಡ್ಡಿನಲ್ಲಿ ಒಂದು ಗುಂಡಿಯನ್ನೊತ್ತಿದರೆ ಆಟ ಸ್ವಲ್ಪ ಹಿಂದಿನ ಘಟ್ಟಕ್ಕೆ ಮರಳುತ್ತದೆ. ತಪ್ಪಿದ ಜಾಗದಿಂದಲೇ ಮತ್ತೆ ಹೊರಡಬಹುದು. ಅಂಥ ಗುಂಡಿಯೊಂದನ್ನು ಬ್ರಹ್ಮನೂ ಇಟ್ಟಿಲ್ಲ.

ಇನ್ನು, ಆ ರಾತ್ರಿ ಮಗನ ಕೈಯಲ್ಲಿದ್ದ ಆಟದ ಮಾತು. ಅದು 2009ರಲ್ಲಿ ಪಾಪ್‌ಕ್ಯಾಪ್ ಸಂಸ್ಥೆ ಹೊರತಂದ ‘ಪ್ಲಾಂಟ್ಸ್ ವರ್ಸಸ್ ಜೋಂಬೀಸ್’, ಎಂದರೆ ಗಿಡಗಳಿಗೂ ನಡೆದಾಡುವ ಹೆಣಗಳಿಗೂ ಯುದ್ಧ. ಇದರ ನಿರ್ಮಾತೃ ಜಾರ್ಜ್ ಫ್ಯಾನ್. ವಾರ್‌ಕ್ರಾಫ್ಟಿನ ಬುರುಜುಗಳನ್ನು ನೋಡಿದ ಅವರು ಬುರುಜಿನ ಜಾಗದಲ್ಲಿ ಗಿಡವನ್ನಿಟ್ಟರು. ನೆಟ್ಟ ಜಾಗದಲ್ಲಿಯೇ ನಿಲ್ಲುವುದು ಗಿಡದ ಧರ್ಮ. ಅದು ಏಕೆ ಓಡುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಮನೆಯ ಮುಂದಿನ ಹುಲ್ಲಿನ ಅಂಗಳವೇ ರಣಭೂಮಿ. ಮೊದಲ ಹಂತದಲ್ಲಿ ಹುಲ್ಲಿನ ಒಂದೇ ಸಾಲು. ಅನಂತರ ಮೂರು, ಅನಂತರ ಐದು. ಬಲಗಡೆಯಿಂದ ಹೆಣಗಳು ತೂರಾಡುತ್ತ ಬರುತ್ತವೆ, ಎಡಗಡೆ ಮನೆ. ಬಟಾಣಿಯ ಗಿಡ ಕಾಳುಗಳನ್ನು ಉಗುಳುತ್ತದೆ. ದೊಡ್ಡ ಅಡಕೆಯಂಥ ಆಕ್ರೋಟು ಅಡ್ಡಗಟ್ಟಿ ನಿಂತು ಕಡಿಸಿಕೊಳ್ಳುತ್ತದೆ. ಒಂದೊಂದು ಸಾಲಿನ ಕೊನೆಯಲ್ಲಿಯೂ ಹುಲ್ಲು ಕತ್ತರಿಸುವ ಯಂತ್ರವೊಂದಿದ್ದು, ಕಟ್ಟಕಡೆಯ ಗಳಿಗೆಯಲ್ಲಿ ಒಂದೇ ಒಂದು ಸಲ ಕಾಪಾಡುತ್ತದೆ. ಎರಡನೆಯ ಸಲಕ್ಕೆ ಅದಿಲ್ಲ.

ಇಲ್ಲಿ ನಾಣ್ಯದ ಬದಲಿಗೆ ಬಿಸಿಲು. ಸೂರ್ಯಕಾಂತಿಯ ಗಿಡ ನೆಟ್ಟರೆ ಅದು ಆಗಾಗ ಬಿಸಿಲಿನ ತುಣುಕನ್ನು ಕೊಡುತ್ತದೆ. ಒಂದು ತುಣುಕಿನ ಬೆಲೆ 25. ಬಟಾಣಿಯ ಗಿಡಕ್ಕೆ 100, ಸೂರ್ಯಕಾಂತಿಗೆ 50. ಸೂರ್ಯಕಾಂತಿ ತಾನಾಗಿ ಯಾರನ್ನೂ ಹೊಡೆಯುವುದಿಲ್ಲ. ಹೆಣ ಬಂದರೆ ಸುಮ್ಮನೆ ತಿನ್ನಿಸಿಕೊಳ್ಳುತ್ತದೆ. ಆದರೂ ಮೊದಲು ನೆಡಬೇಕಾದುದು ಅದನ್ನೇ. ಇಂದಿನ ಭಯಕ್ಕೆ ಇದ್ದುದನ್ನೆಲ್ಲ ಬಟಾಣಿಗೆ ಸುರಿದವನು ನಾಳೆ ಬರಿಗೈಯಲ್ಲಿ ನಿಲ್ಲುತ್ತಾನೆ. ಬರಿಯ ಸೂರ್ಯಕಾಂತಿಯನ್ನೇ ನೆಟ್ಟ ದುರಾಸೆಯವನಿಗೆ ನಾಳೆ ಎಂಬುದೇ ಇರುವುದಿಲ್ಲ. ತಿಂಗಳ ಮೊದಲ ವಾರದಲ್ಲಿ ಬಾಡಿಗೆ, ಹಾಲು, ಶಾಲೆಯ ಫೀಜು, ಬ್ಯಾಂಕಿನ ಆರ್.ಡಿ. ಎಂದು ಹಣವನ್ನು ಹಂಚುವ ಗೃಹಿಣಿಗೆ ಈ ಆಟದ ಕಷ್ಟ ವಿವರಿಸಿ ತಿಳಿಸಬೇಕಾದುದೇನಲ್ಲ. ಆಕೆ ಅದನ್ನು ಇಪ್ಪತ್ತು ಮೂವತ್ತು ವರ್ಷ ಆಡಿದ್ದಾರೆ, ಮತ್ತೆ ಮೊದಲಿನಿಂದ ಆರಂಭಿಸುವ ಅನುಕೂಲವಿಲ್ಲದೆ.

ಸೋಜಿಗವೆಂದರೆ, ಜಾರ್ಜ್ ಫ್ಯಾನ್ ಅವರ ಮನಸ್ಸಿನಲ್ಲಿಯೂ ಒಬ್ಬ ತಾಯಿ ಇದ್ದರು. 2012ರಲ್ಲಿ ಆಟಗಳ ನಿರ್ಮಾತೃಗಳ ಸಮ್ಮೇಳನವೊಂದರಲ್ಲಿ ಅವರು ಮಾಡಿದ ಭಾಷಣದ ವಿಷಯ, ತಮ್ಮ ತಾಯಿ ಈ ಆಟವನ್ನು ಕೊನೆಯವರೆಗೂ ಆಡುವಂತೆ ಮಾಡಿದ್ದು ಹೇಗೆ ಎಂಬುದೇ! ಆಟವನ್ನು ಬೋಧಿಸಬಾರದು, ಆಡಿಸುತ್ತಲೇ ಕಲಿಸಬೇಕು; ಒಂದು ಸಲಕ್ಕೆ ಎಂಟು ಪದಗಳಿಗಿಂತ ಹೆಚ್ಚಿನ ಸೂಚನೆ ಪರದೆಯ ಮೇಲಿರಬಾರದು; ಹೊಸಬರಿಗೆ ಗೊತ್ತಿರುವ ವಸ್ತುಗಳಿಂದಲೇ ಗೊತ್ತಿಲ್ಲದುದನ್ನು ಸೂಚಿಸಬೇಕು ಎಂದು ಅವರು ವಿವರಿಸಿದರು. ಸೂರ್ಯಕಾಂತಿಯ ಬೆಲೆ ಮೊದಲು ಬಟಾಣಿಯಷ್ಟೇ ಇತ್ತಂತೆ. ಅದನ್ನು ಮೊದಲು ನೆಡಬೇಕೆಂಬುದು ಹೊಸಬರಿಗೆ ಹೊಳೆಯಲಿಲ್ಲ. ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಯಾರೂ ಹೇಳದೆಯೇ ಎಲ್ಲರೂ ಅದನ್ನೇ ಮೊದಲು ನೆಟ್ಟರು. ಪಾಠ ಹೇಳುವ ವೃತ್ತಿಯವರು ಈ ಪ್ರಸಂಗವನ್ನು ಸ್ವಲ್ಪ ಮನಸ್ಸಿಟ್ಟು ಓದಬಹುದು.

ಹಾಗಾದರೆ ತಂದೆಯವರ ಮಾತು ಪೂರ್ತಿ ತಪ್ಪೇ? ಹಾಗೆನ್ನುವಂತಿಲ್ಲ. ಅಲೆಯಿಂದ ಅಲೆಗೆ ಕೊಂಡಿ ಹಾಕಿರುವ ರಚನೆಯಲ್ಲಿಯೇ ಒಂದು ಗಾಳವಿದೆ. ನಡುವೆ ನಿಲ್ಲಿಸಿದ ಕೆಲಸ ಮುಗಿಸಿದ ಕೆಲಸಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತದೆಂದು ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ 1927ರಲ್ಲಿ ಬರ್ಲಿನ್ನಿನಲ್ಲಿ ನಡೆಸಿದ ಪ್ರಯೋಗಗಳಿಂದ ತೋರಿಸಿದರು. ಅನಂತರದ ಪ್ರಯೋಗಗಳೆಲ್ಲ ಆಕೆಯ ಮಾತನ್ನು ಸಮರ್ಥಿಸಲಿಲ್ಲವಾದರೂ, ಇಪ್ಪತ್ತನೆಯ ಅಲೆಯಲ್ಲಿ ಸೋತು ಮಲಗಿದವನ ನಿದ್ದೆ ಅದನ್ನು ಸಮರ್ಥಿಸುತ್ತದೆ. ಉರುಗ್ವೆ ದೇಶದ ಮೂವರು ಸ್ನೇಹಿತರ ಸಂಸ್ಥೆ 2011ರಲ್ಲಿ ಹೊರತಂದ ‘ಕಿಂಗ್‌ಡಂ ರಷ್’ ಆಟದಲ್ಲಿ ಪ್ರಾಣಗಳು 20. ಗೆದ್ದರೂ ಹೆಚ್ಚು ಪ್ರಾಣ ಕಳೆದುಕೊಂಡವನಿಗೆ ಮೂರು ನಕ್ಷತ್ರಗಳಲ್ಲಿ ಒಂದೋ ಎರಡೋ ಮಾತ್ರ ಸಿಕ್ಕುತ್ತವೆ. ಗೆದ್ದ ಆಟವನ್ನೇ ಆ ಒಂದು ನಕ್ಷತ್ರಕ್ಕಾಗಿ ನಡುರಾತ್ರಿಯವರೆಗೆ ಮತ್ತೆ ಮತ್ತೆ ಆಡುವವರಿದ್ದಾರೆ. ಇಂಥ ಗೀಳು ಹಿಡಿತಕ್ಕೆ ಸಿಕ್ಕದೆ ಹೋಗಿ, ಊಟ, ನಿದ್ದೆ, ಉದ್ಯೋಗ ಎಲ್ಲವನ್ನೂ ಹಿಂದಕ್ಕೆ ತಳ್ಳಿ, ಹಾನಿ ಕಂಡ ಮೇಲೂ ಸಾಮಾನ್ಯವಾಗಿ ಒಂದು ವರ್ಷದವರೆಗೆ ಮುಂದುವರಿದರೆ, ಅದನ್ನು ರೋಗವೆಂದು ಎಣಿಸುವ ವರ್ಗೀಕರಣವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದಿದೆ. ಅಂಥವರ ಸಂಖ್ಯೆ ಅಲ್ಪವೇ. ಒಂದು ಸಲ ಸಾರು ಆರಿದ್ದನ್ನು ಆ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ.

ಇದಕ್ಕಿಂತ ಗಮನಿಸಬೇಕಾದುದು ಹಣದ ಪ್ರವೇಶ. ಪಾಪ್‌ಕ್ಯಾಪ್ ಸಂಸ್ಥೆಯನ್ನು 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಕಂಪೆನಿ ಕೊಂಡಿತು. ಗಿಡಗಳ ಆಟದ ಎರಡನೆಯ ಭಾಗ 2013ರಲ್ಲಿ ಬಂದಾಗ ಅದಕ್ಕೆ ಬೆಲೆಯಿರಲಿಲ್ಲ. ಬದಲಿಗೆ ಆಟದೊಳಗೆ ಅಂಗಡಿಯಿತ್ತು. ಕೆಲವು ಗಿಡಗಳನ್ನೂ ಸಹಾಯಗಳನ್ನೂ ನಿಜವಾದ ದುಡ್ಡು ತೆತ್ತು ಪಡೆಯಬಹುದಾಗಿತ್ತು. ಈ ಬಗೆಯ ವ್ಯಾಪಾರ ಈಗ ಮೊಬೈಲಿನ ಆಟಗಳಲ್ಲಿ ಸರ್ವಸಾಮಾನ್ಯ. ಪುಕ್ಕಟೆ ಸಿಕ್ಕಿದ್ದು ಒಳ್ಳೆಯದಲ್ಲವೆ ಎಂದು ತೋರಬಹುದು. ಆದರೆ ಬುರುಜಿನ ಆಟದ ಸುಖವೆಲ್ಲ ನಿಂತಿರುವುದು ತಪ್ಪೂ ತನ್ನದು, ತಿದ್ದುಪಡಿಯೂ ತನ್ನದು ಎಂಬ ಒಂದೇ ಕಂಬದ ಮೇಲೆ. ದುರ್ಬಲವಾದ ತಿರುವನ್ನು ಬುದ್ಧಿಯ ಬದಲು ಐವತ್ತು ರೂಪಾಯಿ ಬಲಪಡಿಸಿದರೆ, ಆ ಗೆಲವು ಯಾರದು? ಅಷ್ಟೇ ಅಲ್ಲ, ಐವತ್ತು ರೂಪಾಯಿ ಬರಲೆಂದೇ ಆ ಅಲೆಯನ್ನು ಅಷ್ಟು ಬಿರುಸಾಗಿ ಮಾಡಿರಬಹುದೇ ಎಂಬ ಸಂಶಯ ಒಮ್ಮೆ ಹೊಕ್ಕರೆ, ಶತ್ರುವಿನ ಪ್ರಾಮಾಣಿಕತೆಯೂ ಹೋಯಿತು.

ಎಡ್ವರ್ಡ್ ಡೇಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಏಳು ತುಂಡುಗಳನ್ನು ಜೋಡಿಸಿ ಬೇರೆ ಬೇರೆ ಆಕೃತಿಗಳನ್ನು ಮಾಡುವ ‘ಸೋಮಾ’ ಎಂಬ ಆಟವನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಒಂದು ಗುಂಪಿಗೆ, ಒಂದು ದಿನ ಮಾತ್ರ, ಬಿಡಿಸಿದ ಒಂದೊಂದು ಒಗಟಿಗೂ ಒಂದು ಡಾಲರಿನಂತೆ ಹಣ ಕೊಟ್ಟರು; ಮಾರನೆಯ ಸಲ ಕೊಡಲಿಲ್ಲ. ಬಿಡುವಿನ ವೇಳೆಯಲ್ಲಿ ಯಾರು ತಾವಾಗಿ ತುಂಡುಗಳನ್ನು ಕೈಗೆತ್ತಿಕೊಳ್ಳುತ್ತಾರೆಂದು ಮರೆಯಿಂದ ನೋಡಿದಾಗ, ಹಣ ಪಡೆದಿದ್ದವರ ಆಸಕ್ತಿ ಇಳಿದಿತ್ತು. ಸುಮ್ಮನೆ ಇಷ್ಟಪಟ್ಟು ಮಾಡುತ್ತಿದ್ದುದು ಕೂಲಿಯ ಲೆಕ್ಕಕ್ಕೆ ಬಿದ್ದೊಡನೆ ಸಪ್ಪೆಯಾಯಿತು. ಹಣ ಕೊಟ್ಟಾಗ ಹೀಗಾದರೆ, ಹಣ ಕಿತ್ತುಕೊಂಡಾಗ ಏನಾದೀತು? ಮಕ್ಕಳ ಕೈಗೆ ಮೊಬೈಲು ಕೊಡುವ ತಂದೆತಾಯಿಗಳು “ಎಷ್ಟು ಹೊತ್ತು ಆಡಿದೆ?” ಎಂದು ಕೇಳುವುದರ ಜೊತೆಗೆ “ಆ ಆಟ ನಿನ್ನನ್ನು ಏನು ಕೇಳುತ್ತದೆ?” ಎಂದೂ ಕೇಳುವುದು ಉಚಿತ.

ಆ ಭಾನುವಾರ ಅದೇ ಮನೆಯಲ್ಲಿ ತಾಯಿ ಹುರುಳಿಕಾಯಿಯ ತಟ್ಟೆ ಹಿಡಿದುಕೊಂಡು ಮಗನ ಪಕ್ಕಕ್ಕೆ ಬಂದು ಕುಳಿತರು. ನಾರು ತೆಗೆಯುತ್ತ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ತಲೆಯ ಮೇಲೆ ಬಕೆಟ್ಟು ಕವಿಚಿಕೊಂಡ ಹೆಣವೊಂದು ಮೂರನೆಯ ಸಾಲಿನಲ್ಲಿ ಎಲ್ಲವನ್ನೂ ಕಡಿಯುತ್ತ ಬಂದು ಮನೆಯನ್ನು ಹೊಕ್ಕಿತು. ಆಟ ಮುಗಿಯಿತು.

“ಹೋಯಿತೇನೋ?”

“ಹೋಯಿತು.”

“ಬೇಜಾರಾಗುವುದಿಲ್ಲವೇನೋ, ಅಷ್ಟು ಕಷ್ಟಪಟ್ಟು ಕಟ್ಟಿದ್ದು?”

ಮಗ ಕೊಂಚ ಹೊತ್ತು ಸುಮ್ಮನಿದ್ದ. “ಇದು ಯಾಕೆ ಹೋಯಿತೂಂತ ಗೊತ್ತಲ್ಲಮ್ಮ,” ಎಂದ. “ಆಫೀಸಿನಲ್ಲಿ ಎಂಟು ತಿಂಗಳು ಒಂದು ಕೆಲಸ ಮಾಡಿದೆವು. ಹೋದ ತಿಂಗಳು ಅದನ್ನು ನಿಲ್ಲಿಸಿಬಿಟ್ಟರು. ಯಾಕೆ ಅಂತ ಯಾರೂ ಹೇಳಲಿಲ್ಲ.”

ಹೋದ ತಿಂಗಳು! ಅಂದಿನಿಂದ ಇಂದಿನವರೆಗೆ ಅವನು ಮನೆಯಲ್ಲಿ ಆ ಮಾತೆತ್ತಿರಲಿಲ್ಲ. ಒಳಗಿನಿಂದ ತಂದೆಯವರ ಪತ್ರಿಕೆಯ ಸದ್ದು ನಿಂತಿತು. ತಾಯಿ ತಟ್ಟೆಯನ್ನು ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

“ಎಲ್ಲಿ, ಮೊದಲಿಂದ ತೋರಿಸು,” ಎಂದರು. “ಆ ಮೂರನೆಯ ಸಾಲಿನಲ್ಲಿ ನೀನು ಸೂರ್ಯಕಾಂತಿಯನ್ನೇ ಹಾಕಿರಲಿಲ್ಲ.”